ಗುರುರಾಜ ಭಟ್ಟರ ವಿಮಾನದೂಟ

ವಿಮಾನದ ಟಿಕೀಟು ಮಾಡಿಸುವಾಗ ಜಮಖಂಡಿಯ ಗುರುರಾಜ ಭಟ್ಟರು ಊಟದ ಪಟ್ಟಿಯಲ್ಲಿ ‘ಹಿಂದೂ ಊಟ’ ಎಂಬುದಕ್ಕೆ ಬೆರಳಿಟ್ಟರು. ಅನಾಹುತ ಶುರುವಾದದ್ದು ಅಲ್ಲಿಂದಲೇ.

ಮುಧೋಳದ ವಿಶ್ವಾಸರಾಯರು ಮಗಳ ಮದುವೆಯನ್ನು ಸಮುದ್ರದಾಚೆಯ ದ್ವೀಪದಲ್ಲಿ ಇಟ್ಟುಕೊಂಡಿದ್ದರು. ಆ ದೇಶಕ್ಕೆ ಹೋಗಲು ವೀಸಾ ಬೇಡ. ಮಂತ್ರಕ್ಕೆ ಮಾತ್ರ ಭಟ್ಟರೇ ಬೇಕು. ಈಗ ಪ್ರಯಾಣಕ್ಕೆ ಒಂದೇ ದಿನ ಉಳಿದಿತ್ತು. ಹುಟ್ಟಿದಂದಿನಿಂದ ಬಸ್ಸನ್ನಷ್ಟೇ ಕಂಡಿದ್ದ ಭಟ್ಟರು ಬೆಳಿಗ್ಗೆಯಿಂದ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಪೊಲೀಸ್ ಪೇದೆ ಲಗಮಪ್ಪ ಬಂದು ಮೊಬೈಲ್ ನೋಡುತ್ತ ಓಣಿಗೆಲ್ಲ ಕೇಳುವಂತೆ ಓದಿದ: “ಗುರುರಾಜ ಅಂದ್ರ ನೀವ ಏನ್ರಿ? ನಿಮ್ಮ ಫೋನ್ ನಂಬರೂ ಐತಿ. ಕಿಟಕಿ ಬಾಜೂ ಸೀಟು. ಊಟ, ಮಾಂಸಾಹಾರ.”

ಒಳಗೆ ತಾಯಿ ಮಥುರಾಬಾಯಿಯ ಕೈಯಿಂದ ತಂಬಿಗೆ ಬಿತ್ತು. ಪಕ್ಕದ ಮನೆಯ ಯಂಕವ್ವ ಅಂಗಳ ಗುಡಿಸುವುದನ್ನು ಬಿಟ್ಟು ಗೋಡೆಗೆ ಆತುಕೊಂಡಳು.

“ಯಾರು ಹೇಳ್ಯಾರೋ ನಿನಗ?” ಭಟ್ಟರು ಒಗ್ಗರಣೆಯ ಸಾಸಿವೆಯಂತೆ ಸಿಡಿದರು.

“ವಿಮಾನದವರು ನಮ್ಮ ಸರಕಾರಕ್ಕ ಹೇಳ್ಯಾರ್ರಿ, ನಮ್ಮ ಸರಕಾರ ಆ ದೇಶಕ್ಕ ಹೇಳೈತಿ. ಬರೋ ಮಂದೀದು ಹಿಂಗ ಎಲ್ಲಾ ಮಾಹಿತಿ ಕೊಡಲಿಲ್ಲಂದ್ರ ವೀಸಾ ಇಲ್ದ ಒಳಗ ಬಿಡಂಗಿಲ್ಲ ಅಂತ ಅವರು ಹಟಾ ಹಿಡದಾರಂತ. ನಿಮ್ಮ ಹೆಸರಿನವ ಯಾವನೋ ಕಳ್ಳ ಅದಾನ. ನೀವು ಅವ ಅಲ್ಲ ಅಂತ ಖಾತ್ರಿ ಮಾಡಾಕ ಬಂದೇನಿ.”

“ಕಳ್ಳನ್ನ ಹುಡುಕ್ರಿ! ನಾ ಏನು ಉಣತೀನಿ ಅನ್ನೋದು ಎರಡೆರಡು ಸರಕಾರಕ್ಕ ಯಾಕ ಬೇಕು? ನನ್ನ ಹೊಟ್ಟಿ ಏನು ಸರಕಾರಿ ಜಾಗಾ ಏನು?”

ಯಂಕವ್ವ ಸಮಾಧಾನ ಮಾಡಿದಳು. “ಇರಲಿ ಬಿಡ್ರಿ ಬಾಯಾರ, ಹೊರಗ ಹೋದ ಗಂಡಸರು ಏನರ ತಿಂತಾರ.”

ಮಥುರಾಬಾಯಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. “ಗುರ್ಯಾ, ಈ ಹೊಸ್ತಿಲಾ ದಾಟಬ್ಯಾಡ.”

ಚಹಾ ಕೂಡ ಸಿಗದ ಭಟ್ಟರು ಮುಧೋಳದ ಬಸ್ಸು ಹತ್ತಿದರು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ತೆವಳಿತು, ಸುದ್ದಿ ತೆವಳಲಿಲ್ಲ. ದಾರಿಯಲ್ಲೇ ವಿಶ್ವಾಸರಾಯರ ಫೋನು ಬಂತು. “ಭಟ್ಟರ, ಖರೇನ ಏನ್ರಿ? ಬೀಗರು ಕೇಳಾಕತ್ತಾರ.”

“ಸುಳ್ಳು!” ಎಂದು ಭಟ್ಟರು ಕೂಗಿದ ರಭಸಕ್ಕೆ ಕಂಡಕ್ಟರ್ ಸೀಟಿ ಊದಿದ, ಬಸ್ಸು ನಿಂತಿತು.

ಮುಧೋಳದಲ್ಲಿ ಟಿಕೀಟು ಮಾಡಿಸಿಕೊಟ್ಟಿದ್ದ ಏಜೆಂಟ್ ಮಂದಾರ ನಕ್ಕ. “ಹಿಂದೂ ಊಟ ಅಂದ್ರ ಅವರ ಲೆಕ್ಕದಾಗ ದನದ ಮಾಂಸ ಇರಂಗಿಲ್ಲ, ಅಷ್ಟ ರೀ. ಕೋಳಿ ಇರತದ.”

“ನಗಬ್ಯಾಡ! ಈಗಿಂದೀಗ ಬದಲ ಮಾಡು!”

ಮಂದಾರ ಅದನ್ನು ‘ಶುದ್ಧ ಸಸ್ಯಾಹಾರ’ ಎಂದು ಬದಲಿಸಿ ಚೀಟಿ ಕೊಟ್ಟ. ಭಟ್ಟರು ಆ ಚೀಟಿಯನ್ನು ವಿಶ್ವಾಸರಾಯರಿಗೆ ತೋರಿಸಿದರು, ಬೀಗರಿಗೆ ತೋರಿಸಿದರು, ಊರಿಗೆ ಮರಳಿ ಯಂಕವ್ವನ ಮುಖಕ್ಕೂ ಹಿಡಿದರು. ಮಥುರಾಬಾಯಿ ಓದಿ, ಮತ್ತೊಮ್ಮೆ ಓದಿ, ಮಗನನ್ನು ಒಳಗೆ ಕರೆದು ಎಲೆ ಹಾಕಿದರು. ಭಟ್ಟರು ಅನ್ನಕ್ಕೆ ಕೈ ಇಟ್ಟಿದ್ದರಷ್ಟೇ, ಹೊರಗೆ ಮತ್ತೆ ಬೂಟಿನ ಸಪ್ಪಳ.

“ನೀವು ಆ ಕಳ್ಳ ಅಲ್ಲ ಅಂತ ಮುಂಜಾನೇನ ಬರದು ಕಳಿಸಿದ್ದೆ ರೀ,” ಲಗಮಪ್ಪ ತಲೆ ಕೆರೆದುಕೊಂಡ. “ಆ ದೇಶದವರೂ ಒಪ್ಪಿದ್ರು. ಆದ್ರ ಪೊಲೀಸರು ಬಂದು ಹೋದ ಕೂಡಲೇ ಊಟಾ ಬದಲ ಮಾಡಿಸೀರಿ. ಅದಕ್ಕ ಅವರಿಗೆ ಸಂಶೆ ಬಂದೈತಿ. ನಿಮಗ ಮಾತ್ರ ವೀಸಾ ಬೇಕಂತ. ಅದು ಬರಾಕ ತಿಂಗಳ ಆಕ್ಕೈತಿ.”

ಭಟ್ಟರು ಎಂಜಲು ಕೈಯಲ್ಲೇ ಎದ್ದು ಬಂದರು.

“ಹಂಗಾದ್ರ ನನ್ನ ಹೆಸರು, ನನ್ನ ಫೋನ್ ನಂಬರು, ನನ್ನ ಊಟ, ಎಲ್ಲಾ ತಿರುಗಿ ಕೊಡ್ರಿ!”

“ಅವೆಲ್ಲಾ ಎಂದೋ ಆ ದೇಶಕ್ಕ ಹೋಗಿ ಮುಟ್ಯಾವ್ರಿ,” ಎಂದ ಲಗಮಪ್ಪ. “ನೀವಷ್ಟ ಇಲ್ಲೇ ಉಳದೀರಿ.”