ಅರೆ ಎಳೆತಕ್ಕೆ ಹೊಣೆ ಕೋವಿಯೋ ಕೈಯೋ ಎಂಬ ಬಗ್ಗೆ

ಫೆಸೆಂಟ್ ಬೇಟೆಗಾರರ ಸಂಘ
ಕೋವಿ ನಂಬಿಕೆ ಪರಿಶೀಲನಾ ಶಾಖೆ
ಲುಥರನ್ ಚರ್ಚಿನ ನೆಲಮಾಳಿಗೆ (ಕಾಫಿ ಪಾತ್ರೆಯ ಎಡಕ್ಕೆ), ಸೋರ್‌ಡಾಲ್, ದಕ್ಷಿಣ ಡಕೋಟಾ

ಸಂಖ್ಯೆ: ಕೋನಂಪ/ಪಂಪ್/ಅ.ಎ./08/2019
ದಿನಾಂಕ: 28 ಅಕ್ಟೋಬರ್ 2019

ಸುತ್ತೋಲೆ

ವಿಷಯ: ಪಂಪ್ ಕೋವಿಗಳ ನಂಬಿಕಾರ್ಹತೆ ಕುರಿತು ಮಾಲೀಕರು ಸಲ್ಲಿಸುವ ಅನುಭವ ಹೇಳಿಕೆಗಳು ಹಾಗೂ ಶ್ರೀ ಆರ್ವಿಡ್ ಟ್ವೆಟ್ ಅವರ ಪ್ರಕರಣ.

ಉಲ್ಲೇಖ: 1) ಈ ಶಾಖೆಯ ಮೂಲ ನಿಯಮಾವಳಿ, 1988.
2) ಎಂಟು ಸದಸ್ಯರು ಒಂದೇ ಪೆನ್ನಿನಲ್ಲಿ ಬರೆದು ಸಲ್ಲಿಸಿರುವ ಎಂಟು ಹೇಳಿಕೆಗಳು, ದಿ: 27-9-2019.
3) ಶ್ರೀ ಆರ್ವಿಡ್ ಟ್ವೆಟ್ ಅವರ ಪತ್ರ, ದಿ: 30-9-2019 (ಬೀಜದ ಚೀಲದ ಹಿಂಬದಿಯಲ್ಲಿ).

ಪ್ರಸ್ತಾವನೆ

ಒಂದು ಗುಂಡು ಹಾರಿದ ಮೇಲೆ ನಳಿಗೆಯ ಕೆಳಗಿನ ಮರದ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಳೆಯ ತೋಟಾ ಹೊರಬಿದ್ದು ಹೊಸದು ಒಳಸೇರುವ ಕೋವಿಯನ್ನು ಪಂಪ್ ಕೋವಿ ಎಂದು ವ್ಯಾಖ್ಯಾನಿಸಲಾಗಿದೆ. ಪೂರ್ತಿ ಎಳೆಯದೆ ನಡುವಿನಿಂದಲೇ ತಳ್ಳಿದಲ್ಲಿ ಹೊಸ ತೋಟಾ ಸೇರುವುದಿಲ್ಲ. ಆಗ ಟ್ರಿಗರ್ ಒತ್ತಿದರೆ 'ಟಿಕ್' ಎಂಬ ಸದ್ದು ಮಾತ್ರ ಬರುತ್ತದೆ, ಹಕ್ಕಿ (ಕಾಡುಕೋಳಿಯಂಥ ಫೆಸೆಂಟ್) ಹೋಗುತ್ತದೆ. ಇದನ್ನು 'ಅರೆ ಎಳೆತ' ಎನ್ನತಕ್ಕದ್ದು. ಅರೆ ಎಳೆತವು ಕೈಯ ತಪ್ಪು, ಕೋವಿಯದಲ್ಲ. ಈ ಸಂಗತಿ ಸೋರ್‌ಡಾಲ್‌ನಲ್ಲಿ ಎಲ್ಲರಿಗೂ ತಿಳಿದಿದ್ದು, ಯಾರೂ ಒಪ್ಪಿಕೊಂಡ ದಾಖಲೆ ಇರಲಿಲ್ಲ.

ಕಳೆದ ಮೂವತ್ತೊಂದು ವರ್ಷಗಳಲ್ಲಿ ಶಾಖೆಗೆ 412 ಅನುಭವ ಹೇಳಿಕೆಗಳು ಬಂದಿವೆ. ಅವುಗಳ ಪೈಕಿ 402ರಲ್ಲಿ 'ನನ್ನ ಕೋವಿ ಒಂದು ಸಲವೂ ಕೈಕೊಟ್ಟಿಲ್ಲ' ಎಂದಿದೆ. ಒಂದರಲ್ಲಿ ಆಲೂಗಡ್ಡೆ ಹಾಟ್‌ಡಿಶ್ ಎಂಬ ಒಲೆಯಲ್ಲಿ ಬೇಯಿಸುವ ಖಾದ್ಯ ಮಾಡುವ ವಿಧಾನವಿದೆ. ಅದು ಕಣ್ತಪ್ಪಿನಿಂದ ಲಗತ್ತಾಗಿದ್ದು, ಶಾಖೆಯಲ್ಲಿ ಮಾಡಿ ನೋಡಲಾಗಿ ಸಮರ್ಪಕವೆಂದು ಕಂಡುಬಂದಿದೆ. ಉಳಿದ ಒಂಬತ್ತು ಹೇಳಿಕೆಗಳೇ ಈ ಸುತ್ತೋಲೆಗೆ ಕಾರಣ. ಅವು ಹೇಗೆ ಬಂದವೆಂದು ತಿಳಿಯಬೇಕಾದರೆ ಜಾರಿಯಲ್ಲಿದ್ದ ನಿಯಮಗಳನ್ನು ಮೊದಲು ಓದತಕ್ಕದ್ದು.

ಜಾರಿಯಲ್ಲಿದ್ದ ನಿಯಮಗಳು

1. ಪ್ರತಿಯೊಬ್ಬ ಮಾಲೀಕರೂ ಸೆಪ್ಟೆಂಬರ್ 30ರೊಳಗೆ ನಮೂನೆ 4ರಲ್ಲಿ ತಮ್ಮ ಕೋವಿಯ ಅನುಭವವನ್ನು ಸಲ್ಲಿಸತಕ್ಕದ್ದು. 'ಇದರಂಥದ್ದು ಇನ್ನೊಂದಿಲ್ಲ' ಎಂದಷ್ಟೇ ಬರೆದಲ್ಲಿ ಪರಿಗಣಿಸಲಾಗುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಶಾಖೆ ಬಲ್ಲದು.

2. ಕೋವಿ ಕೆರೆಗೆ ಬಿದ್ದದ್ದು, ಟ್ರ್ಯಾಕ್ಟರ್ ಅದರ ಮೇಲೆ ಹತ್ತಿದ್ದು, ಅದನ್ನೇ ಹುಟ್ಟು ಮಾಡಿಕೊಂಡು ದೋಣಿ ನಡೆಸಿದ್ದು, ಕರುಗಳ ಕೊಟ್ಟಿಗೆಯ ಬಾಗಿಲಿಗೆ ಎರಡು ಚಳಿಗಾಲ ಅದನ್ನು ಅಗುಳಿಯಾಗಿ ಹಾಕಿದ್ದು, 'ಆದರೂ ಎತ್ತಿದ ಕೂಡಲೇ ಹಾರಿತು' ಎಂಬಂಥ ವಿವರಗಳನ್ನು ಕೋವಿಯ ನಂಬಿಕಾರ್ಹತೆಗೆ ಪುರಾವೆಯೆಂದು ಸಲ್ಲಿಸುವಂತಿಲ್ಲ. ಇವು ಮಾಲೀಕರ ನಂಬಿಕಾರ್ಹತೆಗೆ ಸಂಬಂಧಿಸಿದವಾಗಿದ್ದು, ಅದಕ್ಕೆ ಪ್ರತ್ಯೇಕ ಶಾಖೆ ಇರುವುದಿಲ್ಲ.

3. 'ಇಪ್ಪತ್ತು ವರ್ಷದಿಂದ ಬಿಚ್ಚಿ ಒರೆಸಿಲ್ಲ' ಎಂಬುದನ್ನು ಹೆಮ್ಮೆಯ ಕಲಂನಲ್ಲಿ ಬರೆಯತಕ್ಕದ್ದಲ್ಲ. 2014ರಲ್ಲಿ ಇಂತಹ ಒಂದು ಕೋವಿಯನ್ನು ಬಿಚ್ಚಲಾಗಿ ಹನ್ನೊಂದು ಮೆಕ್ಕೆಜೋಳದ ಕಾಳು, ಕಿವಿಯಂತ್ರದ ಒಂದು ಬ್ಯಾಟರಿ ಮತ್ತು ವಾಸವಿರುವ ಇಲಿಗೂಡು ಪತ್ತೆಯಾಗಿವೆ. ಸದರಿ ಇಲಿಗಳಿಗೆ ಏಪ್ರಿಲ್ ಅಂತ್ಯದವರೆಗೆ ಕಾಲಾವಕಾಶ ನೀಡಲಾಗಿತ್ತು.

4. ಕೋವಿಗೆ ಅಡುಗೆ ಎಣ್ಣೆ ಹಚ್ಚುವುದನ್ನು ನಿಷೇಧಿಸಲಾಗಿದೆ. ಡೋನಟ್ ಕರಿದು ಉಳಿದ ಎಣ್ಣೆ ಹಚ್ಚಿದ ಪ್ರಕರಣಗಳಲ್ಲಿ ನಾಯಿಗಳು ಹಕ್ಕಿಯನ್ನು ಬಿಟ್ಟು ಮಾಲೀಕರನ್ನು ಹಿಂಬಾಲಿಸಿವೆ.

5. 'ನನ್ನ ಕೈಯಲ್ಲಿ ಸರಿಯಿತ್ತು, ಭಾವಮೈದುನನ ಕೈಗೆ ಕೊಟ್ಟಾಗ ಸಿಕ್ಕಿಕೊಂಡಿತು' ಎಂದು ಬರೆಯುವವರು ಭಾವಮೈದುನನ ಹೆಸರನ್ನು ಕಡ್ಡಾಯವಾಗಿ ನಮೂದಿಸತಕ್ಕದ್ದು. ಈವರೆಗೆ ಏಳು ಮಾಲೀಕರು ಶ್ರೀ ಡೆಲ್ಮರ್ ಕುಚೆರಾ ಅವರನ್ನು ಹೆಸರಿಸಿದ್ದಾರೆ. ಸದರಿಯವರು ಇಬ್ಬರಿಗೆ ಮಾತ್ರ ಭಾವಮೈದುನರಾಗಿದ್ದು, ಉಳಿದ ಐವರು ಅವರನ್ನು ಊರಿನ ಸಾರ್ವಜನಿಕ ಸೌಲಭ್ಯದಂತೆ ಬಳಸಿಕೊಂಡಿರುವುದು ವಿಷಾದಕರ.

6. ಮಾಲೀಕರು ತಮ್ಮ ಕೋವಿಯ ಬಗ್ಗೆಯಾಗಲಿ ತಮ್ಮ ಕೈಯ ಬಗ್ಗೆಯಾಗಲಿ ಹೇಳುವುದನ್ನು ಇಬ್ಬರು ಸಾಕ್ಷಿಗಳಿಲ್ಲದೆ ನಂಬತಕ್ಕದ್ದಲ್ಲ.

7. ಒಂದೇ ದಿನ ಮೂರು ಅರೆ ಎಳೆತಗಳಾದ ಸದಸ್ಯರು ಮುಂದಿನ ಹಂಗಾಮಿನಿಂದ, ಹಕ್ಕಿ ಎಬ್ಬಿಸಲು ಹೊಲದಲ್ಲಿ ಅಕ್ಕಪಕ್ಕ ಸಾಗುವ ಬೇಟೆಸಾಲಿನಲ್ಲಿ ನಡೆಯತಕ್ಕದ್ದಲ್ಲ. ಅವರಿಗೆ ಪಿಕಪ್ ಗಾಡಿಯಲ್ಲಿ ಆಸನವನ್ನೂ ಕಾಫಿ ಫ್ಲಾಸ್ಕಿನ ಮೇಲ್ವಿಚಾರಣೆಯನ್ನೂ ನೀಡಲಾಗುವುದು.

8. ಕೋವಿಯ ವಿರುದ್ಧ ಸುಳ್ಳು ಹೇಳಿಕೆ ಕೊಟ್ಟವರು ಹಂಗಾಮಿನ ಮೊದಲ ದಿನ ಕೋವಿಯಿಲ್ಲದೆ ಪಿಕಪ್‌ನಲ್ಲಿ ಕೂರತಕ್ಕದ್ದು. ಊರಿನಲ್ಲಿ ಯಾರೂ ಯಾವ ಕೋವಿಯ ಬಗ್ಗೆಯೂ ಕೆಟ್ಟ ಮಾತಾಡದಿದ್ದ ಕಾರಣ ಈ ನಿಯಮವನ್ನು ಎಂದೂ ಬಳಸಿರಲಿಲ್ಲ.

ಪ್ರಕರಣದ ವಿವರ

9. ಶ್ರೀ ಆರ್ವಿಡ್ ಟ್ವೆಟ್, ವಯಸ್ಸು 78, ಒಂಬತ್ತು ಜನರ ಬೇಟೆಸಾಲಿನ ಎಡತುದಿಯಲ್ಲಿ 1968ರಿಂದ ನಡೆಯುತ್ತ ಬಂದಿದ್ದಾರೆ. ಹಂಗಾಮಿನ ಐವತ್ತೊಂದು ಮೊದಲ ದಿನಗಳಲ್ಲಿ ಒಂದನ್ನೂ ತಪ್ಪಿಸಿಲ್ಲ. ಆ ದಿನವೇ ಬಿದ್ದ ಮಗಳ ಮದುವೆಯನ್ನೂ ನವೆಂಬರಿಗೆ ಮುಂದೂಡಲಾಗಿತ್ತು. ಅವರ ಪಂಪ್ ಕೋವಿಯೂ ಅದೇ 1968ರದು. ಪಿಕಪ್ ಹತ್ತಿದವರು ಮತ್ತೆ ಸಾಲಿಗೆ ಮರಳಿದ ನಿದರ್ಶನ ಈ ಸಂಘದಲ್ಲಿ ಇಲ್ಲವಾದ್ದರಿಂದ, ನಿಯಮ 7 ಎಂದರೆ ಅವರಿಗೆ ಏನೆಂಬುದನ್ನು ವಿವರಿಸುವ ಅಗತ್ಯವಿಲ್ಲ.

10. ಕಳೆದ ಹಂಗಾಮಿನ ಕೊನೆಯ ಭಾನುವಾರ, ದಿ: 6-1-2019ರಂದು, ಶ್ರೀಯುತರ ಮುಂದೆ ಮೂರು ಫೆಸೆಂಟ್ ಹುಂಜಗಳು ಒಂದಾದ ಮೇಲೊಂದು ಎದ್ದವು. ಮೂರು ಸಲವೂ ಮೊದಲ ಗುಂಡು ಗುರಿ ತಪ್ಪಿತು. ಮೂರು ಸಲವೂ ಎರಡನೆಯದಕ್ಕೆ 'ಟಿಕ್' ಎಂದಿತು. ಗಾಳಿ ಇರಲಿಲ್ಲ. ಉಳಿದ ಎಂಟೂ ಜನರಿಗೆ ಕೇಳಿಸಿತು. ಯಾರೂ ಆ ಕಡೆ ತಿರುಗಲಿಲ್ಲ. ಮೂರನೆಯ ಟಿಕ್ ಆದ ಮೇಲೆ ಶ್ರೀ ಡೆಲ್ಮರ್ ಕುಚೆರಾ ಅವರು ಯಾರೂ ಕೇಳದಿದ್ದರೂ ಸೋಯಾಬೀನ್ ಬೆಳೆಯ ಬಗ್ಗೆ ಗಟ್ಟಿಯಾಗಿ ಮಾತಾಡತೊಡಗಿ ಕಾಲು ಮೈಲಿಯವರೆಗೆ ನಿಲ್ಲಿಸಲಿಲ್ಲ.

11. ಸೆಪ್ಟೆಂಬರ್ 27ರಂದು ಸದರಿ ಎಂಟೂ ಸದಸ್ಯರು ಹೇಳಿಕೆ ಸಲ್ಲಿಸಿ, ಶ್ರೀ ಟ್ವೆಟ್ ಅವರ ಕೋವಿ ಅತ್ಯಂತ ನಂಬಿಕೆಗೇಡಿ ಎಂದೂ, ಆ ದಿನದ ಮೂರೂ ಟಿಕ್‌ಗಳಿಗೆ ಅದೇ ಹೊಣೆಯೆಂದೂ, ಅವರಿಗೆ ಬೇರೆ ಕೋವಿ ಕೊಡಿಸಿ ಸಾಲಿನಲ್ಲೇ ಉಳಿಸಬೇಕೆಂದೂ ಕೋರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದದ್ದನ್ನು ಶಾಖೆ ಬಹಳ ಕಂಡಿದೆ. ಕುಣಿಯಲಾರದವನ ಪರವಾಗಿ ಎಂಟು ಜನ ಸೇರಿ ನೆಲ ಡೊಂಕು ಎಂದದ್ದು ಇದೇ ಮೊದಲು. ಶ್ರೀಯುತರ ಹೆಂಡತಿಯ ತಮ್ಮನೂ ಆದ ಶ್ರೀ ಕುಚೆರಾ ಅವರ ಹೇಳಿಕೆಯ ಭಾಗವನ್ನು ಯಥಾವತ್ತಾಗಿ ಕೊಡಲಾಗಿದೆ:

"ಆ ಕೋವಿ ಹಾಳಾಗಿರೋದು ನನ್ನಿಂದ್ಲೇ. ಎಂಬತ್ತೇಳ್ರಲ್ಲಿ ದನದ ನೀರಿನ ತೊಟ್ಟೀಲಿ ಬೀಳಿಸಿದ್ದೆ, ಭಾವಂಗೆ ಹೇಳಿರ್ಲಿಲ್ಲ. ಹೇಗೂ ಎಲ್ಲಾರೂ ನನ್ನ ಹೆಸ್ರೇ ಬರೀತಾರೆ, ಇದನ್ನೂ ಸೇರಿಸ್ಕೊಳ್ಳಿ."

1987ರಲ್ಲಿ ಶ್ರೀ ಕುಚೆರಾ ಅವರು ಸೈನ್ಯದಲ್ಲಿದ್ದು, ಊರಿನಲ್ಲೇ ಇರಲಿಲ್ಲವೆಂದು ಕಡತದಿಂದ ತಿಳಿದುಬರುತ್ತದೆ.

12. ವಾಡಿಕೆಯಂತೆ ಎಂಟೂ ಹೇಳಿಕೆಗಳನ್ನು ನೆಲಮಾಳಿಗೆಯ ಸೂಚನಾ ಫಲಕದಲ್ಲಿ ಅಂಟಿಸಲಾಯಿತು. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಶ್ರೀ ಟ್ವೆಟ್ ಅವರು ಕಾಫಿ ಲೋಟ ಹಿಡಿದು ಎಲ್ಲವನ್ನೂ ಓದಿದರು. ಎರಡು ಸಲ ಓದಿದರು. ಐವತ್ತೊಂದು ವರ್ಷ ಹೇಳಿದ ಹಾಗೆ ಕೇಳಿದ ಕೋವಿಯ ಬಗ್ಗೆ ಅಷ್ಟು ಕೆಟ್ಟ ಮಾತುಗಳು ಒಂದೇ ಗೋಡೆಯ ಮೇಲೆ ಇದ್ದವು. ಎಂಟೂ ಸದಸ್ಯರು ಹಿಂದೆ ನಿಂತು, ತಟ್ಟೆಯಲ್ಲಿದ್ದ ಕೇಕನ್ನು ತುಂಬಾ ಗಮನವಿಟ್ಟು ತಿನ್ನುತ್ತಿದ್ದರು. ಶ್ರೀಯುತರು ಟೋಪಿ ಹಾಕಿಕೊಂಡು ಹೋದರು. ಅವರಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಎಂಬುದನ್ನು ಶಾಖೆಗೆ ಖಚಿತಪಡಿಸಿಕೊಳ್ಳಲಾಗಲಿಲ್ಲ.

13. ಶ್ರೀಯುತರ ಪತ್ನಿ ಶ್ರೀಮತಿ ಲಿಯೋನಾ ಅವರು ಮರುದಿನ ಪತ್ರವನ್ನು ತಂದುಕೊಟ್ಟು, ರಾತ್ರಿ ಪತಿಯವರು ಊಟದ ಮೇಜಿನ ಮೇಲೆ ಕೋವಿ ಇಟ್ಟುಕೊಂಡು ಕೂತಿದ್ದರೆಂದೂ, ಎಂಟು ಜನ ನಿಮಗೋಸ್ಕರ ಚರ್ಚಿನಲ್ಲೇ ಸುಳ್ಳು ಅಂಟಿಸಿದ್ದಾರೆ, ಸುಮ್ಮನೆ ಒಪ್ಪಿಕೊಳ್ಳಿ ಎಂದು ತಾವು ಹೇಳಿದರೂ ಕೇಳಲಿಲ್ಲವೆಂದೂ ಮೌಖಿಕವಾಗಿ ತಿಳಿಸಿದ್ದಾರೆ. ಪತ್ರದ ಪೂರ್ಣ ಪಾಠ ಹೀಗಿದೆ:

"ಕೋವಿ ಸರಿಯಾಗಿದೆ. ನನ್ನ ಎಡಭುಜ ಹೋಗಿದೆ, ಪೂರ್ತಿ ಎಳೆಯೋಕೆ ಆಗ್ತಿಲ್ಲ. ಐವತ್ತೊಂದು ವರ್ಷ ನನ್ನ ಮಾತು ಮೀರ್ದೆ ಇರೋ ಕೋವಿಗೆ ಈ ವಯಸ್ಸಲ್ಲಿ ಕೆಟ್ಟ ಹೆಸ್ರು ತರ್ಬೇಡಿ. ಪಿಕಪ್ ಹತ್ತಿಸೋದಾದ್ರೆ ನನ್ನನ್ನ ಹತ್ತಿಸಿ. ಹುಡುಗರಿಗೆ ಏನೂ ಅನ್ಬೇಡಿ."

'ಹುಡುಗರು' ಎಂದರೆ 59ರಿಂದ 74 ವರ್ಷ ವಯಸ್ಸಿನ ಸದರಿ ಎಂಟು ಸದಸ್ಯರು ಎಂದು ಓದಿಕೊಳ್ಳತಕ್ಕದ್ದು.

14. ಈ ಬಗೆಯ ಪತ್ರಕ್ಕೆ ನಮೂನೆ ಇಲ್ಲದ ಕಾರಣ ತನಿಖೆ ಕೈಗೊಳ್ಳಲಾಯಿತು. ಕೆಳಗೆ ಸಹಿ ಮಾಡಿರುವವರು ಖುದ್ದಾಗಿ ಯಂತ್ರಗಳ ಕೊಟ್ಟಿಗೆಯ ಹಿಂದೆ ಸದರಿ ಕೋವಿಯಿಂದ ಐವತ್ತು ಗುಂಡು ಹಾರಿಸಿದರು. ಹಿಡಿ ಬೆಣ್ಣೆಯ ಮೇಲಿನ ಚಾಕುವಿನಂತೆ ಜಾರಿತು. ಟಿಕ್: ಇಲ್ಲ. ಕೋವಿಗೆ ಹಾನಿ: ಇಲ್ಲ. ಸಹಿ ಮಾಡಿರುವವರ ಬಲಭುಜ: ನೀಲಿ.

15. ಮೇಲ್ಕಂಡ ಅಂಶಗಳನ್ನು ನಿಯಮಾವಳಿಗೆ ಹೋಲಿಸಿ ನೋಡಲಾಗಿ, ಕೋವಿಯ ವಿರುದ್ಧ ಸುಳ್ಳು ಹೇಳಿದ ಎಂಟೂ ಜನರು ನಿಯಮ 8ರಂತೆ ಮೊದಲ ದಿನ ಪಿಕಪ್‌ನಲ್ಲಿ ಕೂರಬೇಕಾಯಿತು. ಅವರ ಸಾಕ್ಷ್ಯ ಬಿದ್ದುಹೋದ ಮೇಲೆ ಶ್ರೀ ಟ್ವೆಟ್ ಅವರ ಅರೆ ಎಳೆತಗಳಿಗೆ ಬೇರೆ ಸಾಕ್ಷಿ ಉಳಿಯಲಿಲ್ಲ. ತಮ್ಮ ಕೈಯ ಬಗ್ಗೆ ತಾವೇ ಬರೆದದ್ದನ್ನು ನಿಯಮ 6 ನಂಬಗೊಡುವುದಿಲ್ಲ. ಹೀಗಾಗಿ, ಪಿಕಪ್ ಹತ್ತುತ್ತೇನೆಂದು ಬರೆದುಕೊಟ್ಟ ಒಬ್ಬರನ್ನು ಬಿಟ್ಟು ಸಾಲಿನಲ್ಲಿ ನಡೆಯಲು ಅರ್ಹರಾದವರು ಬೇರೆ ಯಾರೂ ಇಲ್ಲವೆಂದು ತೀರ್ಮಾನಿಸಲಾಯಿತು. ಶ್ರೀಯುತರು ಈ ತೀರ್ಮಾನವನ್ನು ಓದಿ ಶಾಖೆಗೆ ತಲೆ ಕೆಟ್ಟಿದೆಯೆಂದು ಅಭಿಪ್ರಾಯಪಟ್ಟಿದ್ದು, ಅಭಿಪ್ರಾಯವನ್ನು ದಾಖಲಿಸಿಕೊಳ್ಳಲಾಗಿದೆ.

16. ದಿ: 19-10-2019ರ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಶ್ರೀ ಟ್ವೆಟ್ ಅವರು ಒಬ್ಬರೇ ಅರ್ಧ ಮೈಲಿಯ ಮೆಕ್ಕೆಜೋಳದ ಹೊಲಕ್ಕೆ ಇಳಿದರು. ಸಾಲಿನಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಎಡತುದಿಯಲ್ಲೇ ನಡೆದರು. ಎಂಟು ಸದಸ್ಯರು ಎರಡು ಪಿಕಪ್‌ಗಳಲ್ಲಿ ಆಚೆ ತುದಿಗೆ ಹೋಗಿ ಕಾದರು. ಹೊಲದ ನಡುವೆ ಒಂದು ಹುಂಜ ಎದ್ದಿತು. ಶ್ರೀಯುತರು ಮೊದಲ ಗುಂಡಿಗೇ ಅದನ್ನು ಬೀಳಿಸಿದರು. ಆಮೇಲೆ ಹಿಡಿಯನ್ನು ಎಳೆದರು. ಅದು ಪೂರ್ತಿ ಹಿಂದಕ್ಕೆ ಬರಲಿಲ್ಲ. ಕೋವಿಯ ಹಿಂಬದಿಯನ್ನು ತೊಡೆಗೆ ಆನಿಸಿ ಎರಡೂ ಕೈಯಿಂದ ಎಳೆದಾಗ ಬಂತು. ಅಷ್ಟು ಹೊತ್ತಿಗೆ ಇನ್ನೂ ಎರಡು ಹುಂಜಗಳು ಎದ್ದು ಹೋದವು. ಶ್ರೀಯುತರು ಅವು ಹೋಗುವುದನ್ನು ನೋಡುತ್ತ ನಿಂತು, ಉಳಿದ ತೋಟಾಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ಖಾಲಿ ಕೋವಿ ಹಿಡಿದು ಹೊಲದ ಉಳಿದ ಭಾಗವನ್ನೂ ಕೊನೆಯವರೆಗೆ ನಡೆದರು.

17. ಹೊಲದ ತುದಿಯಲ್ಲಿ ಸದರಿಯವರು ಮೊದಲ ಪಿಕಪ್‌ನ ಬಾಗಿಲು ತೆರೆದು, ಒಳಗಿದ್ದ ಶ್ರೀ ಕುಚೆರಾ ಅವರಿಗೆ ಹೇಳಿದ ಮಾತು: "ಸರ್ಕೊಂಡು ಕೂತ್ಕೊಳೋ." ಶ್ರೀ ಕುಚೆರಾ ಅವರು ಸರಿದರು. ಕಾಫಿ ಬಗ್ಗಿಸಿಕೊಟ್ಟರು. ಅರ್ಧ ಕಾಫಿ ಸೀಟಿನ ಮೇಲೆ ಚೆಲ್ಲಿದ್ದು, ಅದಕ್ಕೆ ಗಾಡಿಯ ಕುಲುಕಾಟ ಕಾರಣವೆಂದು ಎಂಟೂ ಜನರು ಲಿಖಿತವಾಗಿ ತಿಳಿಸಿದ್ದಾರೆ. ಆ ಸಮಯದಲ್ಲಿ ಗಾಡಿ ನಿಂತಿತ್ತು.

ಆದೇಶ

ಮೇಲೆ ವಿವರಿಸಿದ ಕಾರಣಗಳಿಗಾಗಿ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

(ಅ) ಶ್ರೀ ಟ್ವೆಟ್ ಅವರ ಪಂಪ್ ಕೋವಿಯನ್ನು ನಿರ್ದೋಷಿಯೆಂದು ಘೋಷಿಸಲಾಗಿದೆ. ಪ್ರಮಾಣಪತ್ರವನ್ನು ಅದರ ಹಿಡಿಗೆ ದಾರದಿಂದ ಕಟ್ಟತಕ್ಕದ್ದು, ತಂತಿಯಿಂದ ಕಟ್ಟತಕ್ಕದ್ದಲ್ಲ.

(ಆ) ಎಂಟು ಸುಳ್ಳು ಹೇಳಿಕೆಗಳನ್ನು ಹರಿಯದೆ ಶಾಶ್ವತ ಕಡತದಲ್ಲಿ ಇಡತಕ್ಕದ್ದು. 402 'ಸತ್ಯ' ಹೇಳಿಕೆಗಳನ್ನು ಒಲೆ ಹೊತ್ತಿಸಲು ಬಳಸಬಹುದಾಗಿದೆ.

(ಇ) ನಿಯಮ 7ನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಸಾಲಿನಲ್ಲಿ ಟಿಕ್ ಎಂದಲ್ಲಿ ಯಾರೂ ಎಣಿಸತಕ್ಕದ್ದಲ್ಲ. ಕೈ ಯಾರದೋ ಅವರೇ ಬಂದು ಪಿಕಪ್‌ನ ಬಾಗಿಲು ತೆರೆಯುವವರೆಗೆ ಕಾಯತಕ್ಕದ್ದು. ಅಲ್ಲಿಯವರೆಗೆ ಸೋಯಾಬೀನ್ ಬಗ್ಗೆ ಮಾತಾಡಲು ಅನುಮತಿ ಇದೆ.

(ಈ) ಮುಂದಿನ ಹಂಗಾಮಿನಿಂದ ಶ್ರೀ ಟ್ವೆಟ್ ಅವರು ಕೂರುವ ಪಿಕಪ್ ಗಾಡಿಯು ಹೊಲದ ಎಡ ಅಂಚಿನಲ್ಲಿ, ಸಾಲಿಗೆ ಸಮನಾಗಿ, ನಡಿಗೆಯ ವೇಗದಲ್ಲಿ, ಕಿಟಕಿ ಇಳಿಸಿಕೊಂಡು ಸಾಗತಕ್ಕದ್ದು.

(ಉ) ಸಾಲಿನ ಎಡತುದಿಯ ಜಾಗವನ್ನು ಯಾರಿಗೂ ಹಂಚತಕ್ಕದ್ದಲ್ಲ. ಆ ಕಡೆಯಿಂದ ಹುಂಜಗಳು ತಪ್ಪಿಸಿಕೊಂಡು ಹೋದಲ್ಲಿ ಯಾರೂ ಆಕ್ಷೇಪಿಸತಕ್ಕದ್ದಲ್ಲ.

ಸಹಿ/-
(ಬರ್ನಿಸ್ ಹಾಗ್ಲಿಡ್)
ಪ್ರಭಾರ ಕಾರ್ಯದರ್ಶಿ, ಕೋವಿ ನಂಬಿಕೆ ಪರಿಶೀಲನಾ ಶಾಖೆ
(ಎಡಗೈಯಿಂದ ಸಹಿ ಮಾಡಲಾಗಿದೆ, ಬಲಭುಜದ ಚಿಕಿತ್ಸೆ ಮುಂದುವರಿದಿದೆ)

ಪ್ರತಿಗಳು:
1. ಶ್ರೀ ಆರ್ವಿಡ್ ಟ್ವೆಟ್ ಅವರಿಗೆ, ದೊಡ್ಡಕ್ಷರದಲ್ಲಿ.
2. ಶ್ರೀಮತಿ ಲಿಯೋನಾ ಟ್ವೆಟ್ ಅವರಿಗೆ, ಸದರಿಯವರು ಓದದಿದ್ದಲ್ಲಿ ಓದಿ ಹೇಳಲು.
3. ಶ್ರೀ ಡೆಲ್ಮರ್ ಕುಚೆರಾ ಅವರಿಗೆ, ಸೀಟು ಒರೆಸುವ ಸೂಚನೆಯೊಂದಿಗೆ.
4. ಉಳಿದ ಏಳು ಹುಡುಗರಿಗೆ.
5. ಚರ್ಚಿನ ಪಾದ್ರಿಯವರಿಗೆ, ನೆಲಮಾಳಿಗೆಯಲ್ಲಿ ಅಂಟಿಸಿದ ಸುಳ್ಳುಗಳನ್ನು ಮನ್ನಿಸುವ ಕೋರಿಕೆಯೊಂದಿಗೆ.
6. ಫೆಸೆಂಟ್ ಹುಂಜಗಳಿಗೆ: ಪ್ರತಿ ಇಲ್ಲ. ಎಡತುದಿ ಖಾಲಿಯಿರುವುದು ಅವಕ್ಕೆ ತಾನಾಗಿಯೇ ತಿಳಿಯುವುದು.