ಮೊದಲ ಸಾಲಿನ ದೇವರು

ಕಂಪ್ಯೂಟರನ್ನು ಬೈಯಬಾರದು, ಅದಕ್ಕೆ ಹೇಳಿಕೊಟ್ಟಷ್ಟೇ ಗೊತ್ತು ಎನ್ನುವವರು ವಿಂಡೋಸ್ ಜೊತೆ ಏಗಿದವರಲ್ಲ. ನಾನಂತೂ ಬೈದುಕೊಂಡೇ ಬದುಕಿದವನು. ಅದು ಅದಿರಿನ ಕಾಲ. ಹೊಸಪೇಟೆಯಲ್ಲಿ ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಟಿಪ್ಪರ್ ಮಾಲೀಕನಾಗಿ, ಹಳೆಯ ಗೆಳೆಯರ ಗುರುತು ಮರೆಯುತ್ತಿದ್ದ. ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟುಕೊಂಡು ನೆಮ್ಮದಿಯಾಗಿದ್ದ ಬಸಣ್ಣನವರಿಗೂ ಕೆಂಪು ಧೂಳಿನ ರುಚಿ ಹತ್ತಿ, ಸಂಡೂರು ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಹಾಕಿದರು. ತೂಕದ ಚೀಟಿ ತೆಗೆಯುವ ಪ್ರೋಗ್ರಾಂ ನನ್ನದು. ಚೀಟಿಯ ನೆತ್ತಿಯ ಮೇಲೆ ಕನ್ನಡದಲ್ಲಿ 'ಶ್ರೀ ವಿರೂಪಾಕ್ಷೇಶ್ವರ ಪ್ರಸನ್ನ' ಎಂದಿರಲೇಬೇಕೆಂದು ಅವರ ಹಟ. ಅದಿರು ಎಲ್ಲಿಂದ ಬಂತೆಂದು ಯಾರೂ ಕೇಳದ ದಂಧೆಗೆ ದೇವರ ಸಾಕ್ಷಿ! ಇರಲಿ ಎಂದು ಹಾಕಿದೆ.

ಪ್ರೋಗ್ರಾಂ ಸರಿಯಿದೆಯೇ ಎಂದು ತಾವೇ ನೋಡಿ ಹೇಳುವ ಟೆಸ್ಟುಗಳನ್ನೂ ಬರೆದಿದ್ದೆ. ಅವು ಚೀಟಿಯನ್ನು ಪರದೆಗೆ ಬಿಡದೆ ಒಂದು ಫೈಲಿಗೆ ಹಿಡಿದು, ಮಾದರಿ ಚೀಟಿಯ ಜೊತೆ ಹೋಲಿಸುತ್ತಿದ್ದವು. ಟೆಸ್ಟು ಓಡಿಸಿದರೆ ಎಲ್ಲವೂ ಫೇಲ್. ನಾನೇ ಕೈಯಾರೆ ಓಡಿಸಿದರೆ ಪರದೆಯ ಮೇಲೆ ಚೀಟಿ ಸೊಗಸಾಗಿ ಮೂಡುತ್ತಿತ್ತು. ಬಸಣ್ಣನವರು ಬಂದು ಎದುರಿಗೇ ಕುಳಿತರು.

"ಸೋಮವಾರ ಪೂಜಾ ಇಟ್ಟೀನ್ರಿ. ನಿಮ್ ಕೈಲಿ ಆಗಂಗಿಲ್ಲಂದ್ರ ಈಗ್ಲೇ ಹೇಳ್ರಿ, ಹೈದರಾಬಾದ್‌ನವ್ರನ್ನ ಕರಸ್ತೀನಿ."

ಈ ಕೆಲಸ ಕೈತಪ್ಪಿದರೆ ನನ್ನ ಪುಟ್ಟ ಕಂಪ್ಯೂಟರ್ ಅಂಗಡಿಗೆ ಬೀಗವೇ ಗತಿ. ತೂಕ ನೋಡಿದೆ, ಖಾಲಿ ಲಾರಿಯ ತೂಕ ಕಳೆಯುವುದನ್ನು ನೋಡಿದೆ, ಲಾರಿ ನಂಬರ್ ನೋಡಿದೆ. ಧೂಳನ್ನು, ಕರೆಂಟನ್ನು, ಬಸಣ್ಣನವರ ಭಕ್ತಿಯನ್ನು ಸರದಿಯ ಮೇಲೆ ಬೈದೆ. ಮನೆಗೆ ಹೋಗಿ ಹೆಂಡತಿಯೆದುರು ಮತ್ತೆ ಮೊದಲಿನಿಂದ ಬೈದೆ. ಮದುವೆ ಕಾರ್ಡಿನಲ್ಲಾಗಲಿ ಬಿಲ್ಲಿನಲ್ಲಾಗಲಿ ಮೇಲಿನ ದೇವರ ಸಾಲನ್ನು ನಮ್ಮ ಕಡೆ ಯಾರು ಓದುತ್ತಾರೆ? ಹಿಡಿದಿಟ್ಟ ಫೈಲನ್ನು ಕೊನೆಗೊಮ್ಮೆ ತೆರೆದು ಆ ಸಾಲನ್ನು ಓದಿದೆ. ಅಲ್ಲಿ ದೇವರಿರಲಿಲ್ಲ, ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳು! ಪರದೆಯ ಮೇಲೆ ಕನ್ನಡ ಬಲ್ಲ ವಿಂಡೋಸ್, ಫೈಲಿಗೆ ಹಿಡಿದೊಡನೆ ತನ್ನ ಹಳೇ ಇಂಗ್ಲಿಷ್ ಅಕ್ಷರಗಳ ಕೋಷ್ಟಕಕ್ಕೆ ಜಾರಿ, ಹಂಪಿಯಲ್ಲಿ ಬೋರ್ಡು ಓದಲಾಗದ ಪ್ರವಾಸಿಯಂತೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಫೈಲಿಗೂ ಕನ್ನಡ ಬಲ್ಲ ಕೋಷ್ಟಕವನ್ನೇ ಬಳಸು ಎಂದು ಒಂದು ಸಾಲು ಸೇರಿಸಿದೆ. ಎಲ್ಲ ಟೆಸ್ಟೂ ಪಾಸಾದವು.

"ನೋಡ್ರಿ, ದೇವ್ರು ಕೈ ಬಿಡಲಿಲ್ಲ," ಎಂದರು ಬಸಣ್ಣ. ಕೈಕೊಟ್ಟದ್ದೇ ಆ ಸಾಲು ಎಂದು ನಾನು ಹೇಳಹೋಗಲಿಲ್ಲ.

ಸೋಮವಾರ ಪೂಜೆಗೆ ಕೇಬಲ್ ಟಿವಿಯವನು ಕ್ಯಾಮೆರಾ ಹಿಡಿದು ಬಂದ. "ಸಾಫ್ಟ್‌ವೇರ್ ಮಾಡಿದವ್ರು ನೀವ ಅಲ್ರಿ? ಎರಡ್ ಮಾತ್ ಹೇಳ್ರಿ," ಎಂದು ಮೈಕು ಚಾಚಿದ. ಚಹಾದಂಗಡಿಯಲ್ಲಿ ಇಡೀ ಊರನ್ನು ಗಂಟೆಗಟ್ಟಲೆ ಜಾಲಾಡುವ ನನ್ನ ಬಾಯಿಂದ "ಅದು... ಅದೇನಂದ್ರ..." ಎನ್ನುವುದರಾಚೆ ಒಂದಕ್ಷರ ಹೊರಡಲಿಲ್ಲ. ಸಂಜೆ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಅದನ್ನೇ ಟಿವಿಯಲ್ಲಿ ನೋಡಿದ ಹೆಂಡತಿ, ಅಷ್ಟು ದಿನ ನನ್ನ ಬೈಗುಳ ಕೇಳಿದ್ದವಳು, ತಣ್ಣಗೆ ಹೇಳಿದಳು:

"ಮನ್ಯಾಗ ಭಾಳ ಚಲೋ ಓಡ್ತೀರಿ. ಕ್ಯಾಮೆರಾದಾಗ ಹಿಡಿಯಾಕ ಹೋದ್ರ ಮಾತ್ರ ಫೇಲ್ ನೋಡ್ರಿ."