ತೊಟ್ಟಿ ಮೇಸ್ತ್ರಿಯ ಕೊನೆಯ ತೊಟ್ಟಿ

“ನೀರಿಗೆ ನನ್ನ ಕಂಡ್ರೆ ನಡುಕ ಕಣೋ! ನಾನು ಬೇಡ ಅಂದ ಕಡೆ ಅದು ಕಾಲಿಡಲ್ಲ!”

ಹೀಗೆ ಎದೆ ತಟ್ಟಿಕೊಳ್ಳುತ್ತಿದ್ದ ನಮ್ಮ ತೊಟ್ಟಿ ಮೇಸ್ತ್ರಿ ಈ ವರ್ಷದ ಮಳೆ ನೋಡಲು ಉಳಿಯಲಿಲ್ಲ. ಅವನು ಹೋದ ಮೇಲೆ ಎಲ್ಲರೂ ಅವನ ಒಳ್ಳೆಯತನದ ಮಾತನ್ನೇ ಆಡುತ್ತಿದ್ದಾರೆ. ಕೇಳಿಸಿಕೊಂಡಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅವನಿಗೆ ಬೇಕಿದ್ದ ಹೊಗಳಿಕೆ ಒಂದೇ: ಅವನು ಕಟ್ಟಿದ ತೊಟ್ಟಿ ಸೋರುವುದಿಲ್ಲ. ಆದ್ದರಿಂದ ಅವನ ಅತ್ಯಂತ ಗಟ್ಟಿ ತೊಟ್ಟಿಯ ಕಥೆ ಹೇಳುವುದೇ ನ್ಯಾಯ.

ಶಾಲೆ, ಆಸ್ಪತ್ರೆ, ಕಾರ್ಖಾನೆ ಎಂದು ನಲವತ್ತು ವರ್ಷ ಅವನು ನೀರಿನ ತೊಟ್ಟಿ ಕಟ್ಟಿದ. ಕಟ್ಟಿ ಮುಗಿಸಿ, ನೀರು ತುಂಬಿಸಿ, ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲ್ ತೆಗೆದು ನೀರಿನ ಅಂಚಿಗೆ ಗೆರೆ ಎಳೆಯುತ್ತಿದ್ದ. ಆಮೇಲೆ ಮೂರು ದಿನ ಕಾವಲು. ನೀರು ಗೆರೆಯಿಂದ ಕೂದಲೆಳೆಯಷ್ಟು ಇಳಿದರೂ ಒಡೆದು ಮತ್ತೆ ಕಟ್ಟುತ್ತೇನೆ ಎಂಬುದು ಅವನ ಪಣ. ಒಡೆಯುವ ಪ್ರಸಂಗವೇ ಬರಲಿಲ್ಲ!

ಮನೆಯ ಹಿಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಇಬ್ಬರು ಗಂಡಸರು ತಿಣುಕಿದರೂ ಅಲುಗದ ಕಬ್ಬಿಣದ ಕಾಲು, ನೆಲದಿಂದ ಒಂದು ಗೇಣು ಮೇಲೆ ಮೋಟಾರು. ಶಾಲಾ ಸಮವಸ್ತ್ರ ಹೊಲಿದು ಹೊಲಿದು ಮಗಳನ್ನು ಓದಿಸಿದ ಯಂತ್ರ ಅದು.

ಒಂದು ದಿನ ನಗರಸಭೆಯವರು ಪ್ರವಾಹದ ನಕ್ಷೆ ಅಂಟಿಸಿದರು. ನೀರು ನುಗ್ಗುವ ಜಾಗಕ್ಕೆಲ್ಲ ನೀಲಿ ಬಣ್ಣ. ಮೇಸ್ತ್ರಿಯ ಮನೆಗೆ ಕಡುನೀಲಿ!

“ನನ್ನ ಮನೆಗೆ ನೀಲಿ ಬಳಿಯೋಕೆ ಇವರ್ಯಾರು? ಹೊಳೆ ಎಲ್ಲಿ, ನಾವೆಲ್ಲಿ? ಹೊಳೆ ನೋಡ್ಬೇಕಂದ್ರೆ ಬಸ್ ಹತ್ಬೇಕು!”

“ಹೊಳೆ ದೂರ ಇರ್ಬಹುದು ರೀ,” ಎಂದಳು ಹೆಂಡತಿ, “ಬೀದಿಗೆಲ್ಲ ನಮ್ಮನೇನೇ ತಗ್ಗು. ಪೋಸ್ಟ್‌ಮ್ಯಾನ್ ಅಣ್ಣ ಎದುರುಮನೇಲಿ ಬಕೆಟ್ ಚೆಲ್ಲಿದ್ರೆ ನಮ್ಮ ಹೊಸ್ತಿಲು ಒದ್ದೆಯಾಗುತ್ತೆ. ವಿಮೆ ಮಾಡಿಸಿ.”

“ಮನೆ ವಿಮೆ ಇದೆಯಲ್ಲೇ!”

“ಅದು ಬೆಂಕಿಗೆ, ಕಳ್ಳರಿಗೆ. ಪ್ರವಾಹಕ್ಕೆ ಬೇರೇನೇ ಮಾಡಿಸ್ಬೇಕಂತೆ. ಅದೂ ಮಾಡಿಸಿ ಒಂದು ತಿಂಗಳಾದ ಮೇಲೇ ಜಾರಿಗೆ ಬರೋದಂತೆ. ಮೋಡ ಕಂಡ ಮೇಲೆ ಓಡಿದ್ರೆ ಪ್ರಯೋಜನ ಇಲ್ಲ.”

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಅಡುಗೆಭಟ್ಟನ ಮನೆಗೆ ಹೋಟೆಲಿನಿಂದ ಊಟ ತರಿಸಿದಷ್ಟು ಅವಮಾನ! ಆದರೂ ಹೊಲಿಗೆ ಯಂತ್ರದ ಮುಖ ನೋಡಿಕೊಂಡು ಹೋದ.

ವಿಮೆ ಕಚೇರಿಯ ಮೇಡಂ ಫಾರಂ ತುಂಬುತ್ತ ಕೇಳಿದರು: “ಸರ್, ಚರಂಡಿ ನೀರು ಪೈಪಲ್ಲಿ ಹಿಂದಕ್ಕೆ ಬಂದು ಮನೆಯೊಳಗೆ ಉಕ್ಕಿದ್ರೆ ಈ ಪಾಲಿಸೀಲಿ ಏನೂ ಸಿಗಲ್ಲ. ಅದಕ್ಕೊಂದು ಬೇರೆ ಷರತ್ತಿದೆ. ಸೇರಿಸ್ಲಾ?”

“ಮೇಡಂ, ನಲವತ್ತು ವರ್ಷ ನೀರಿನ ಜೊತೆ ಸಂಸಾರ ಮಾಡಿದೀನಿ. ಅದು ಕೆಳಗಿಂದ ಮೇಲಕ್ಕೆ ಹರಿಯೋದನ್ನ ನಾನಂತೂ ನೋಡಿಲ್ಲ!”

‘ಬೇಡ’ ಎಂಬಲ್ಲಿ ಕಾಗದ ಹರಿಯುವಂತೆ ಒತ್ತಿ ಗೀಟು ಹಾಕಿದ.

ಮನೆಗೆ ಬಂದವನೇ ಯುದ್ಧ ಸಾರಿದ. ಮುಂಬಾಗಿಲಿಗೂ ಹಿಂಬಾಗಿಲಿಗೂ ಅಡ್ಡವಾಗಿ ಮೊಣಕಾಲೆತ್ತರದ ಗೋಡೆ ಎದ್ದಿತು. ಗೋಡೆಯ ಬುಡದ ಬಿರುಕು, ಇಲಿ ಬಿಲ, ಇರುವೆ ತೂತು ಯಾವುದನ್ನೂ ಬಿಡದೆ ಸಿಮೆಂಟು ಮೆತ್ತಿದ. ಹೆಂಡತಿ ಸೀರೆ ಎತ್ತಿ ಗೋಡೆ ದಾಟುತ್ತ ಕೇಳಿದಳು, “ಬಚ್ಚಲ ತೂತಿಗೆ ಏನೂ ಮಾಡ್ಲಿಲ್ವಲ್ಲ?”

“ಅದು ನೀರು ಹೊರಗೆ ಹೋಗೋ ದಾರಿ ಕಣೇ! ಒಳಗೆ ಬರೋ ದಾರಿ ಅಲ್ಲ!”

ಮಳೆಗಾಲ ಬಂದಾಗ ಅವಳು, ಹೊಲಿದಿಟ್ಟಿದ್ದ ಅರವತ್ತು ಜೊತೆ ಸಮವಸ್ತ್ರವನ್ನು ಸದ್ದಿಲ್ಲದೆ ಅಟ್ಟಕ್ಕೇರಿಸಿದಳು. ಯಂತ್ರವನ್ನು ಏರಿಸುವುದು ಅವಳ ಕೈಲಾಗುವ ಮಾತಲ್ಲ.

ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ಬೆಳಿಗ್ಗೆ ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು. ಮೇಸ್ತ್ರಿ ಮುಂಬಾಗಿಲ ಗೋಡೆಯ ಹಿಂದೆ ಸೇನಾಪತಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತ.

“ನೋಡೇ ಇಲ್ಲಿ! ಬಾಗಿಲಲ್ಲಿ ಕೈಮುಗಿದು ನಿಂತಿದೆ, ಒಳಗೆ ಬಿಡ್ತೀನಾ ನಾನು?”

ಹಿಂದಿನಿಂದ ದನಿ ಬಂತು: “ನೀವು ಮುಂದಿನ ಬಾಗಿಲು ಕಾಯ್ತಾ ಇರಿ! ಬಚ್ಚಲಿಂದ ಬಂದು ನಡುಮನೇಲಿ ಕೂತಾಗಿದೆ!”

ತುಂಬಿದ ಚರಂಡಿಗೆ ಹೋಗಲು ದಾರಿಯಿಲ್ಲದೆ, ಬೀದಿಯ ಕೊಳೆನೀರೆಲ್ಲ ತಗ್ಗಿನ ಮನೆಯನ್ನು ಹುಡುಕಿಕೊಂಡು ಬಂದು, ಬಚ್ಚಲ ತೂತಿನಿಂದ ಕಾರಂಜಿಯಾಗಿ ಏಳುತ್ತಿತ್ತು. ಕೆಳಗಿನಿಂದ ಮೇಲಕ್ಕೆ! ಮೇಸ್ತ್ರಿ ಓಡಿದ, ಜಾರಿದ, ಎದ್ದ. ಬೇಗ ಗಟ್ಟಿಯಾಗುವ ಸಿಮೆಂಟಿನ ಡಬ್ಬ ಅಟ್ಟದಲ್ಲಿ ಸಮವಸ್ತ್ರಗಳ ಹಿಂದೆಲ್ಲೋ ಸೇರಿಕೊಂಡಿತ್ತು. ಅದನ್ನು ಹುಡುಕಿ ತರುವ ಹೊತ್ತಿಗೆ ನೀರು ಮೊಣಕಾಲು ಮುಟ್ಟಿತ್ತು. ಉಸಿರು ಬಿಗಿಹಿಡಿದು ಮುಳುಗಿ, ತೂತನ್ನು ಅಮುಕಿ ಮುಚ್ಚಿಯೇಬಿಟ್ಟ!

“ಗೆದ್ದೆ! ಇನ್ನೊಂದು ಹನಿ ಒಳಗೆ ಬರಲ್ಲ!”

“ಒಳಗಿರೋದು ಹೊರಗೆ ಹೇಗೆ ಹೋಗುತ್ತೆ?” ಎಂದಳು, ಮಂಚದ ಮೇಲೆ ನಿಂತಿದ್ದ ಹೆಂಡತಿ. ಹೊಲಿಗೆ ಯಂತ್ರದ ಮೋಟಾರು ನೀರಿನಡಿ ಗುಳುಗುಳು ಎಂದು ಕೊನೆಯ ಗುಳ್ಳೆ ಬಿಡುತ್ತಿತ್ತು.

ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಕಿವಿಯ ಸಂದಿಗೆ ಹೋಗಿ ಕೆಂಪು ಪೆನ್ಸಿಲ್ ತೆಗೆದು ಗೋಡೆಗೆ ಗೆರೆ ಎಳೆಯಿತು.

ಬೀದಿಯ ನೀರು ಸಂಜೆಗೇ ಇಳಿಯಿತು. ಮನೆಯ ನೀರು ಇಳಿಯಲಿಲ್ಲ. ಗೋಡೆ ಒಡೆಯಿರಿ ಎಂದರೆ, “ವಿಮೆಯವರು ಕಣ್ಣಾರೆ ನೋಡ್ಬೇಕು. ಸಾಕ್ಷಿ ಹಾಳು ಮಾಡಬಾರ್ದು!” ಎಂದು ಮಂಚದ ಮೇಲೆ ಕೂತು ಗುಡುಗಿದ. ಎದುರುಮನೆಯ ಪೋಸ್ಟ್‌ಮ್ಯಾನ್ ಕಿಟಕಿಯಿಂದ ಇಣುಕಿ, “ತೊಟ್ಟಿಮನೆ ಅಂದ್ರೆ ಇದಪ್ಪಾ!” ಎಂದು ಉರಿಗೆ ತುಪ್ಪ ಸುರಿದು ಹೋದ.

ಮೂರನೆಯ ದಿನ ಮೇಡಂ ಬಂದರು. ಗೋಡೆಯ ಆಚೆಯೇ ನಿಂತು ಕೇಳಿದರು: “ಬೀದಿ ನೀರು ಈ ಗೋಡೆ ದಾಟಿ ಒಳಗೆ ಬಂತಾ ಸರ್?”

ಹೆಂಡತಿ ಹಿಂದಿನಿಂದ ಹೂಂ ಅನ್ನಿ, ಹೂಂ ಅನ್ನಿ ಎಂದು ಕತ್ತು ಕುಣಿಸಿದಳು. ಮೇಸ್ತ್ರಿಯ ಮೀಸೆ ನೆಟ್ಟಗಾಯಿತು.

“ದಾಟೋದಾ? ನಾನು ಕಟ್ಟಿದ ಗೋಡೆನಾ? ಒಂದು ಹನಿ ದಾಟಿದೆ ಅಂತ ತೋರ್ಸಿ, ಮೀಸೆ ಬೋಳಿಸ್ತೀನಿ! ಈ ಗೆರೆ ನೋಡಿ ಮೇಡಂ. ಮೂರು ದಿನ! ಕೂದಲೆಳೆಯಷ್ಟೂ ಇಳಿದಿಲ್ಲ!”

ಮೇಡಂ ಬರೆದುಕೊಂಡರು. “ಹಾಗಾದ್ರೆ ನೀರು ಬಂದಿದ್ದು ಪೈಪಿಂದ. ನೀವು ಬೇಡ ಅಂದ ಷರತ್ತು. ಉಳಿದಿದ್ದು ನಿಮ್ಮ ಗೋಡೆಯಿಂದ. ಕ್ಷಮಿಸಿ ಸರ್, ಇದು ಪ್ರವಾಹ ಅಲ್ಲ.”

“ಪ್ರವಾಹ ಅಲ್ವಾ! ಮಂಚದ ಮೇಲೆ ಅಡುಗೆ ಮಾಡ್ತಿದೀವಿ! ಚಪ್ಪಲಿ ತೇಲ್ತಾ ಬಂದು ನನ್ನ ಕಾಲು ಹುಡುಕ್ತಿದೆ! ಮತ್ತೆ ಇದೇನು, ಸ್ನಾನದ ನೀರಾ?”

“ರೀ, ಅವರ ಮೇಲೆ ಯಾಕೆ ಹಾರ್ತೀರಿ?” ಎಂದಳು ಹೆಂಡತಿ. “ಆ ಗೋಡೆ ಒಂದು ಇಲ್ದೇ ಇದ್ದಿದ್ರೆ ದೇವರ ದಯೆಯಿಂದ ನಮಗೂ ಪ್ರವಾಹ ಬಂದಿರ್ತಿತ್ತು!”

ಅಷ್ಟು ಹೇಳಿ ನೀರಿಗಿಳಿದು, ಗಂಡನ ಸುತ್ತಿಗೆಯನ್ನು ಹುಡುಕಿ ತೆಗೆದಳು. ಗೋಡೆ ಜಗ್ಗಲಿಲ್ಲ. ಅವಳು ಹತ್ತು ಏಟು ಹಾಕಿದಳು. ಅವನು ನೂರು ಹಾಕಿದ. ಪ್ರತಿ ಏಟಿಗೂ ತನ್ನನ್ನೇ ಬೈದುಕೊಂಡ, ನಡುನಡುವೆ “ಏನ್ ಗಟ್ಟಿ ನೋಡು!” ಎಂದು ಹಿಗ್ಗಿದ. ಮಧ್ಯಾಹ್ನದ ಮೇಲೆ ಒಂದು ಇಟ್ಟಿಗೆ ಕಳಚಿತು. ನಲವತ್ತು ವರ್ಷದಲ್ಲಿ ಅವನ ಕೈಕೆಲಸ ಸೋರಿದ್ದು ಅದೇ ಮೊದಲು.

ಮರುವಾರ ಅವನು ತನ್ನ ಗಾರೆ ಕಲಸುವ ಯಂತ್ರ ಮಾರಿ ಹೊಲಿಗೆ ಯಂತ್ರಕ್ಕೆ ಹೊಸ ಮೋಟಾರು ತಂದ. ಬಚ್ಚಲ ಪೈಪಿಗೆ ನೀರು ಹಿಂದಕ್ಕೆ ಬಾರದಂತೆ ತಡೆಬಾಗಿಲು ಹಾಕಿಸಿದ. ವಿಮೆ ಕಚೇರಿಗೆ ಹೋಗಿ, ಬೇಡವೆಂದಿದ್ದ ಷರತ್ತನ್ನು ತಲೆ ತಗ್ಗಿಸಿಕೊಂಡು ಸೇರಿಸಿದ. “ನೀರು ಮೇಲಕ್ಕೂ ಹರಿಯುತ್ತೆ ಮೇಡಂ,” ಎಂದನಂತೆ.

ಮೊನ್ನೆ ಆ ಮನೆಗೆ ಸುಣ್ಣ ಹೊಡೆಯುತ್ತಿದ್ದರು. ಬಣ್ಣದವನು ಕೇಳಿದ, “ಅಮ್ಮಾ, ಗೋಡೆ ಮೇಲೆ ಯಾರೋ ಕೆಂಪು ಗೆರೆ ಎಳೆದಿದಾರೆ. ಅದರ ಮೇಲೆ ಹೊಡೀಲಾ?”

ಹೊಲಿಗೆ ಯಂತ್ರ ನಿಂತಿತು.

“ಬೇಡಪ್ಪ, ಬಿಟ್ಟು ಹೊಡಿ,” ಎಂದಳು ಅವಳು. “ಮೂರು ದಿನ ಕಣಪ್ಪಾ. ಕೂದಲೆಳೆಯಷ್ಟೂ ಇಳೀಲಿಲ್ಲ.”